ಬಸುರಿಯ ತಲೆನೋವು: ಕಣ್ಣಿನ ಕಡೆಗೂ ಗಮನವಿರಲಿ

ಬಸುರಿನಲ್ಲಿ ತಲೆನೋವು ಬಂದರೆ ‘ಪಿತ್ತ ಇರಬೇಕು, ಮಲಗಿದರೆ ಹೋಗುತ್ತದೆ’ ಎಂದು ಮನೆಯವರು ಸಮಾಧಾನ ಹೇಳುವುದುಂಟು. ಆದರೆ ಮಲಗಿದಾಗಲೇ ನೋವು ಹೆಚ್ಚುತ್ತಿದ್ದರೆ, ಬಗ್ಗಿ ಎದ್ದಾಗ ಕೆಲವು ಕ್ಷಣ ಕಣ್ಣು ಮಂಜಾದರೆ, ನಾಡಿ ಬಡಿತದ ಲಯದಲ್ಲೇ ಕಿವಿಯಲ್ಲಿ ಸದ್ದು ಕೇಳಿಸಿದರೆ ತಡಮಾಡಬೇಡಿ.

ಮಿದುಳಿನ ಸುತ್ತಲಿನ ದ್ರವ ದಿನಕ್ಕೆ ಸುಮಾರು ಅರ್ಧ ಲೀಟರ್ ಉತ್ಪತ್ತಿಯಾಗಿ, ಅಷ್ಟೇ ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆ. ಈ ಲೆಕ್ಕ ತಪ್ಪಿದರೆ ತಲೆಬುರುಡೆಯೊಳಗೆ ಒತ್ತಡ ಏರುತ್ತದೆ. ಸ್ಥೂಲಕಾಯದ ಯುವತಿಯರಲ್ಲಿ ಇದು ಹೆಚ್ಚು. ಇದು ಬಿ.ಪಿ. ಅಲ್ಲ. ಹಾಗೆಂದು ಬಿ.ಪಿ. ನೋಡಿಸದೆ ಇರುವಂತಿಲ್ಲ, ಐದು ತಿಂಗಳು ತುಂಬಿದವರಿಗೆ ಮೊದಲು ರಕ್ತದೊತ್ತಡ ಮತ್ತು ಮೂತ್ರ ಪರೀಕ್ಷೆಯೇ ಆಗಬೇಕು. ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೂ ಇವೇ ಲಕ್ಷಣಗಳು ಕಾಣುವುದರಿಂದ ಎಂ.ಆರ್.ಐ. ಮಾಡಿಸುತ್ತಾರೆ. ಅದರಲ್ಲಿ ಎಕ್ಸ್-ರೇ ಬಳಸುವುದಿಲ್ಲ, ಹೆದರಬೇಡಿ.

ನಿಜವಾದ ಅಪಾಯ ದೃಷ್ಟಿಗೆ. ಕಣ್ಣಿನ ನರ ಊದಿಕೊಂಡು ನೋಟ ಶಾಶ್ವತವಾಗಿ ಕುಂದಬಹುದು. ಆದ್ದರಿಂದ ನೇತ್ರತಜ್ಞರು ಹೇಳಿದ ದಿನ ತಪ್ಪದೆ ಹೋಗಿ ತೋರಿಸಿ.

ತೂಕ ಮಿತಿಮೀರಿ ಏರದಂತೆ ನೋಡಿಕೊಳ್ಳಿ. ಉಪವಾಸ ಮಾತ್ರ ಬೇಡ. ಒತ್ತಡ ತಗ್ಗಿಸುವ ಅಸಿಟಜೋಲಮೈಡ್ ಮಾತ್ರೆಯನ್ನು ಮೊದಲ ಮೂರು ತಿಂಗಳು ಸಾಧ್ಯವಾದಷ್ಟು ಕೊಡುವುದಿಲ್ಲ. ಆಮೇಲೂ ತೂಗಿ ನೋಡಿಯೇ ಕೊಡುತ್ತಾರೆ. ಟೋಪಿರಮೇಟ್ ಮಗುವಿಗೆ ಒಳ್ಳೆಯದಲ್ಲ. ಅದನ್ನು ಸೇವಿಸುತ್ತಿರುವಾಗಲೇ ಬಸುರಾದರೆ ಅಂದೇ ವೈದ್ಯರಿಗೆ ತಿಳಿಸಿ. ಕೆಲವೊಮ್ಮೆ ಬೆನ್ನಿನಲ್ಲಿ ಸೂಜಿ ಹಾಕಿ ನೀರು ತೆಗೆಯುತ್ತಾರೆ. ಇದರಿಂದ ಲಕ್ವ ಹೊಡೆಯುತ್ತದೆಂಬ ಮಾತು ನಮ್ಮಲ್ಲಿ ಇನ್ನೂ ಉಳಿದಿದೆ. ಸೂಜಿ ಚುಚ್ಚುವುದು ಬೆನ್ನುಹುರಿ ಮುಗಿಯುವ ಜಾಗದಿಂದ ಕೆಳಗೆ.

ಈ ತೊಂದರೆಯೊಂದಕ್ಕೇ ಸಿಸೇರಿಯನ್ ಬೇಕಿಲ್ಲ. ಬಹುಪಾಲು ತಾಯಂದಿರಿಗೆ ಸಹಜ ಹೆರಿಗೆ ಸಾಧ್ಯ. ಬಾಣಂತನದಲ್ಲೂ ಕಣ್ಣಿನ ತಪಾಸಣೆ ಮುಂದುವರಿಸಿ.