ಮೂಲೆ ಸೇರಿದ ಡೆಸ್ಕ್‌ಟಾಪ್ ಮತ್ತೆ ಮೇಜಿಗೆ

ಜೋಯಿಡಾ ತಾಲ್ಲೂಕಿನ ಕುಂಬಾರವಾಡದ ಕಡೆ ಹೋಮ್‌ಸ್ಟೇ ನಡೆಸುವವರಿಗೆ, ಸ್ವಸಹಾಯ ಸಂಘದ ಲೆಕ್ಕ ಬರೆಯುವವರಿಗೆ, ಪಂಚಾಯಿತಿಗೆ ಅರ್ಜಿ ಟೈಪ್ ಮಾಡುವವರಿಗೆ ಕಂಪ್ಯೂಟರ್ ಬೇಕೇ ಬೇಕು. ಆದರೆ ಅದು ಹೊಸದೇ ಆಗಬೇಕಿಲ್ಲ. 2010ರ ಆಚೀಚೆ ಕೊಂಡು, ಈಗ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿರುವ ಡೆಸ್ಕ್‌ಟಾಪ್ ಈ ಕೆಲಸಗಳಿಗೆ ಧಾರಾಳ ಸಾಕು. ಅದು ‘ಸ್ಲೋ’ ಆಗಿರುವುದಕ್ಕೆ ಪ್ರೊಸೆಸರ್‌ಗೆ ವಯಸ್ಸಾಗಿರುವುದು ದೊಡ್ಡ ಕಾರಣವಲ್ಲ. ಹತ್ತರಲ್ಲಿ ಒಂಬತ್ತು ಸಲ ಕಾರಣ ಒಳಗೆ ತಿರುಗುವ ಹಳೆಯ ಹಾರ್ಡ್‌ಡಿಸ್ಕ್, ಇಲ್ಲವೇ ಸಾಲದ ರ‍್ಯಾಮ್.

ಮೊದಲು ಮುಚ್ಚಳ ತೆಗೆಯಿರಿ

ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಒಳಗೆ ಉಳಿದ ಕರೆಂಟು ಹರಿದುಹೋಗಲಿ. ಸಿಪಿಯುವಿನ ಪಕ್ಕದ ಮುಚ್ಚಳಕ್ಕೆ ಹಿಂಬದಿಯಲ್ಲಿ ಎರಡು ಸ್ಕ್ರೂ ಇರುತ್ತವೆ. ಬಿಚ್ಚಿದರೆ ಪ್ರೊಸೆಸರ್ ಮೇಲಿನ ಫ್ಯಾನಿನಲ್ಲಿ ಕಂಬಳಿಯಂತೆ ಹೆಪ್ಪುಗಟ್ಟಿದ ಧೂಳು ಕಾಣುತ್ತದೆ. ವರ್ಷಗಟ್ಟಲೆ ಬಳಸದೆ ಬಿಟ್ಟಿದ್ದರೆ ಯುಎಸ್‌ಬಿ ತೂತುಗಳಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರಲೂ ಸಾಕು; ಹಲ್ಲುಕಡ್ಡಿಯಿಂದ ನಿಧಾನವಾಗಿ ಬಿಡಿಸಿ, ನೀರು ತಾಕಿಸಬೇಡಿ. ಒಣ ಬ್ರಷ್ ಅಥವಾ ಬ್ಲೋವರ್‌ನಿಂದ ಧೂಳು ತೆಗೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡಿರಿ. ಬ್ಲೋವರ್ ಗಾಳಿಗೆ ಅದು ರೊಯ್ಯನೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಆನ್ ಮಾಡಿದಾಗ ಬೀಪ್ ಸದ್ದು ಬಂದು ಪರದೆ ಕಪ್ಪಾಗಿಯೇ ಉಳಿದರೆ ಗಾಬರಿ ಬೇಡ. ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ರಿಪೇರಿ ಅಂಗಡಿಯಲ್ಲೂ ಮೊದಲು ಮಾಡುವುದು ಇದನ್ನೇ.

ಇನ್ನೊಂದು ಲಕ್ಷಣ: ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಹಳೆಯ ವರ್ಷಕ್ಕೆ ಹೋಗುತ್ತದೆ, ಬ್ಯಾಂಕಿನ ವೆಬ್‌ಸೈಟ್ ‘ಸುರಕ್ಷಿತವಲ್ಲ’ ಎಂದು ತೆರೆಯಲು ಒಪ್ಪುವುದಿಲ್ಲ. ಇದು ವೈರಸ್ ಅಲ್ಲ. ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸೆಲ್ ಸತ್ತಿದೆ, ಅಷ್ಟೆ. ಸಿಆರ್2032 ಎಂದು ಕೇಳಿದರೆ ವಾಚಿನ ಅಂಗಡಿಯಲ್ಲೂ ಸಿಗುತ್ತದೆ. ಹೊಸ ಸೆಲ್ ಹಾಕಿ ತಾರೀಖು ಸರಿಪಡಿಸಿ.

ಹಣ ಹಾಕುವುದಾದರೆ ಇಲ್ಲಿ

ಒಂದೇ ಒಂದು ಬಿಡಿಭಾಗ ಕೊಳ್ಳುವ ಶಕ್ತಿ ಇದ್ದರೆ ಎಸ್‌ಎಸ್‌ಡಿ ಕೊಳ್ಳಿ. 2.5 ಇಂಚಿನ ಸಾಟಾ ಮಾದರಿ, 240 ಜಿಬಿ ಸಾಕು. ಅದರಲ್ಲಿ ತಿರುಗುವ ಭಾಗ ಇಲ್ಲದ ಕಾರಣ ಗೂಡಿನಲ್ಲಿ ಡಬಲ್ ಟೇಪ್ ಹಾಕಿ ಅಂಟಿಸಿದರೂ ನಡೆಯುತ್ತದೆ. ನಾಲ್ಕೈದು ನಿಮಿಷ ಹಿಡಿಯುತ್ತಿದ್ದ ಯಂತ್ರ ಒಂದು ನಿಮಿಷದೊಳಗೆ ಏಳುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ಅಲ್ಲೇ ಇರಲಿ, ಫೋಟೊ ಮತ್ತು ಹಳೆಯ ಕಡತಗಳಿಗೆ ಆಗುತ್ತದೆ. ಆದರೆ ಮುಖ್ಯವಾದದ್ದನ್ನೆಲ್ಲ ಮೊದಲೇ ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳಿ.

ಆಮೇಲೆ ರ‍್ಯಾಮ್. 4 ಜಿಬಿ ಕನಿಷ್ಠ, 8 ಆದರೆ ಆರಾಮ. ಡಿಡಿಆರ್2, ಡಿಡಿಆರ್3 ಪಟ್ಟಿಗಳ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ಒಂದರ ಜಾಗದಲ್ಲಿ ಇನ್ನೊಂದು ಕೂರದು. ಇದ್ದ ಪಟ್ಟಿಯನ್ನೇ ಬಿಚ್ಚಿಕೊಂಡು ದಾಂಡೇಲಿಯ ಅಂಗಡಿಗೆ ಹೋಗುವುದು ಒಳ್ಳೆಯದು. ಗ್ರಾಫಿಕ್ಸ್ ಕಾರ್ಡ್, ಹೊಸ ಪ್ರೊಸೆಸರ್ ಎಂದು ಅಂಗಡಿಯವರು ಹೇಳಿದರೆ ಕೈಮುಗಿದು ಬನ್ನಿ.

ವಿಂಡೋಸ್ ಬಿಡಬೇಕೆ?

ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಇಂಥ ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಹಳೆಯ ವಿಂಡೋಸ್‌ನಲ್ಲೇ ಬ್ಯಾಂಕ್ ವ್ಯವಹಾರ ಮಾಡುವುದು ಬಾಗಿಲಿಗೆ ಚಿಲಕ ಹಾಕದೆ ಮಲಗಿದ ಹಾಗೆ. ನನ್ನ ಸಲಹೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ದುಡ್ಡು ಕೊಡಬೇಕಿಲ್ಲ, ನೋಡಲು ವಿಂಡೋಸ್ 7ನ್ನೇ ಹೋಲುತ್ತದೆ.

ಮಿಂಟ್‌ನ ಇನ್‌ಸ್ಟಾಲ್ ಫೈಲಿನ ಗಾತ್ರ 3 ಜಿಬಿ ಹತ್ತಿರ. ಕಾಡಿನ ನಡುವಿನ ನೆಟ್‌ವರ್ಕ್‌ನಲ್ಲಿ ಅದನ್ನು ಇಳಿಸಿಕೊಳ್ಳಲು ಕೂರಬೇಡಿ. ಪೇಟೆಯಲ್ಲಿ ಯಾರದಾದರೂ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿ, ರೂಫಸ್ ಎಂಬ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆಸಿಕೊಂಡು ಬನ್ನಿ. ಸುಮ್ಮನೆ ಕಾಪಿ ಮಾಡಿದರೆ ಅದು ಬೂಟ್ ಆಗುವುದಿಲ್ಲ. ಮನೆಯಲ್ಲಿ ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿದ ತಕ್ಷಣ ಎಫ್12 ಒತ್ತುತ್ತಿರಿ (ಕೆಲವು ಕಂಪನಿಗಳದ್ದು ಎಫ್9, ಎಫ್8). ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ನಡೆಸಿ ನೋಡುವ ಅವಕಾಶ ಇದೆ. ಪ್ರಿಂಟರ್, ಸ್ಪೀಕರ್, ಇಂಟರ್‌ನೆಟ್ ಎಲ್ಲ ಪರೀಕ್ಷಿಸಿ, ಒಪ್ಪಿಗೆಯಾದರೆ ಮಾತ್ರ ಎಸ್‌ಎಸ್‌ಡಿಗೆ ಹಾಕಿ. ಬ್ರಾಡ್‌ಬ್ಯಾಂಡ್ ಇಲ್ಲದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಫೋನಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಸಿಗ್ನಲ್ ಸಿಗುವ ಕಿಟಕಿಯವರೆಗೆ ಉದ್ದದ ಕೇಬಲ್ ಎಳೆದರಾಯಿತು.

ಎಲ್ಲರಿಗೂ ಲಿನಕ್ಸ್ ಒಗ್ಗದು, ಅದನ್ನೂ ಹೇಳಬೇಕು. ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ನೇರವಾಗಿ ಲಿನಕ್ಸ್‌ನಲ್ಲಿ ನಡೆಯದು. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿ ಬಳಸುವ ಸೇವಾ ಕೇಂದ್ರದವರು ಬದಲಾಯಿಸಲು ಹೋಗಬೇಡಿ. ಊರೂರಿನಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಲಿನಕ್ಸ್‌ನಲ್ಲಿ ಸತಾಯಿಸುತ್ತದೆ. ಎಚ್‌ಪಿಯ ಹೆಚ್ಚಿನ ಲೇಸರ್ ಪ್ರಿಂಟರ್‌ಗಳಿಗೆ ಅಂಥ ತಕರಾರಿಲ್ಲ.

ಪತ್ರ, ಲೆಕ್ಕಕ್ಕೆ ಲಿಬ್ರೆ ಆಫೀಸ್ ಜೊತೆಯಲ್ಲೇ ಬರುತ್ತದೆ. ಬೇರೆಯವರಿಗೆ ಕಳಿಸುವ ಕಡತವನ್ನು ವರ್ಡ್ ಅಥವಾ ಎಕ್ಸೆಲ್ ರೂಪದಲ್ಲಿ ಸೇವ್ ಮಾಡಿ. ಕನ್ನಡಕ್ಕೆ ಬೇರೆ ತಂತ್ರಾಂಶ ಬೇಡ: ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪಟ್ಟಿಯಲ್ಲಿ ‘ಕಗಪ’ ಆರಿಸಿದರೆ ‘ನುಡಿ’ ತಂತ್ರಾಂಶದಲ್ಲಿ ಪಳಗಿದ ಬೆರಳುಗಳಿಗೆ ಹೊಸದೇನೂ ಅನ್ನಿಸದು. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳು ಮಾತ್ರ ಕಲಸಿ ಕಾಣುತ್ತವೆ. ಅವನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ.

ಮಳೆಗಾಲದ ಮಾತು

ಸೂಪಾ ಅಣೆಕಟ್ಟು ಇರುವ ತಾಲ್ಲೂಕೇ ಆದರೂ ಜೂನ್ ಹಿಡಿದರೆ ಕರೆಂಟಿನ ಭರವಸೆ ಇಲ್ಲ. ಕಾಡಿನ ನಡುವೆ ಹಾದ ತಂತಿಯ ಮೇಲೆ ಮರ ಬಿದ್ದರೆ ಕತೆ ಮುಗಿಯಿತು. ಡೆಸ್ಕ್‌ಟಾಪ್‌ಗೆ ಬ್ಯಾಟರಿ ಇಲ್ಲದಿರುವುದರಿಂದ 600 ವಿಎ ಯುಪಿಎಸ್ ಬೇಕು. ಅದು ಕೊಡುವ ಹತ್ತು ಹದಿನೈದು ನಿಮಿಷ ಕೆಲಸ ಮುಂದುವರಿಸಲು ಅಲ್ಲ, ಸೇವ್ ಮಾಡಿ ಸರಿಯಾಗಿ ಶಟ್‌ಡೌನ್ ಮಾಡಲು. ಕರೆಂಟು ಹೋದೊಡನೆ ಯುಪಿಎಸ್ ಕೂಡ ಸಾಯುತ್ತಿದ್ದರೆ ಒಳಗಿನ 12 ವೋಲ್ಟ್ ಬ್ಯಾಟರಿ ಮಾತ್ರ ಬದಲಿಸಿ ನೋಡಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಜೋಡಿಸಬೇಡಿ. ಮನೆಯ ಇನ್‌ವರ್ಟರಿನಲ್ಲೇ ನಡೆಸುವವರು ಅದರ ಹಿಂಬದಿಯಲ್ಲಿ ‘ಯುಪಿಎಸ್ ಮೋಡ್’ ಸ್ವಿಚ್ ಇದ್ದರೆ ಆ ಕಡೆಗೆ ಹಾಕಿ, ಇಲ್ಲವಾದರೆ ಕರೆಂಟು ಹೋದಾಗಲೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ.

ಗುಡುಗು ಕೇಳಿಸಿದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಟೆಲಿಫೋನ್ ಅಥವಾ ನೆಟ್‌ವರ್ಕ್ ಕೇಬಲ್ ಇದ್ದರೆ ಅದನ್ನೂ. ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಸಿಪಿಯುವನ್ನು ನೆಲಕ್ಕಾಗಲಿ ಮಣ್ಣಿನ ಗೋಡೆಗಾಗಲಿ ತಾಗಿಸಿ ಇಡಬೇಡಿ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿಯುತ್ತದೆ, ಹತ್ತಿ ಬಟ್ಟೆ ಹೊದಿಸಿ. ಕೆಲಸ ಇರಲಿ ಬಿಡಲಿ, ಕರೆಂಟು ಇದ್ದ ದಿನ ಅರ್ಧ ಗಂಟೆ ಆನ್ ಮಾಡಿಡಿ. ಒಳಗಿನ ಬಿಸಿಗೇ ತೇವ ಆರುತ್ತದೆ.

ಮದರ್‌ಬೋರ್ಡೇ ಸುಟ್ಟಿದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ. ಯಂತ್ರವನ್ನು ಯಾರಿಗಾದರೂ ಕೊಡುವ ಮುಂಚೆ ಹಾರ್ಡ್‌ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ, ನಿಮ್ಮ ಆಧಾರ್, ಪಹಣಿ, ಪಾಸ್‌ಬುಕ್‌ನ ಪ್ರತಿಗಳು ಅದರಲ್ಲಿರುತ್ತವೆ.