ಮೊಟ್ಟೆ ತೇಲಿದರೆ ಪಟಿಕ ರೆಡಿ

ಎನ್ವಿರಾನ್‌ಮೆಂಟಲ್ ಲ್ಯಾಬ್‌ನಲ್ಲಿ ಜಾರ್ ಟೆಸ್ಟ್ ಮಾಡಿದವರಿಗೆಲ್ಲ ಆಲಂ ಗೊತ್ತು. ಕೆಸರು ನೀರಿಗೆ ಹಾಕಿ ಕಲಕಿದರೆ ಮಣ್ಣು ಗಂಟುಕಟ್ಟಿ ತಳ ಸೇರುತ್ತದೆ. ಶೇವ್ ಆದ ಮೇಲೆ ಕೆನ್ನೆಗೆ ಉಜ್ಜುವ ಪಟಿಕವೂ ಇದೇ ಜಾತಿಯದು. (ಲ್ಯಾಬಿನದು ಬರೀ ಅಲ್ಯೂಮಿನಿಯಂ ಸಲ್ಫೇಟ್, ಪಟಿಕದಲ್ಲಿ ಜೊತೆಗೆ ಪೊಟ್ಯಾಶಿಯಂ ಕೂಡ ಇರುತ್ತೆ. ವೈವಾದಲ್ಲಿ ಕೇಳಿದರೆ ತಡಬಡಿಸಬೇಡಿ.)

ಬಟ್ಟೆಗೆ ಬಣ್ಣ ಹಿಡಿಸಲು ಹಿಂದೆ ಪಟಿಕ ಬೇಕೇ ಬೇಕಿತ್ತು. ಇಂಗ್ಲೆಂಡಿನವರು ಅದನ್ನು ಹೊರಗಿನಿಂದ ತರಿಸುತ್ತಿದ್ದರು. 17ನೇ ಶತಮಾನದ ಆರಂಭದಲ್ಲಿ ಯಾರ್ಕ್‌ಶೈರ್ ಕಡೆಯ ಶೇಲ್ ಕಲ್ಲಿನಿಂದಲೇ ತೆಗೆಯಲು ಶುರುಮಾಡಿದರು. ಸಮುದ್ರದಂಚಿನ ಕಡಿದಾದ ಬಂಡೆಯಲ್ಲಿ ಕಲ್ಲು ಬಯಲಲ್ಲೇ ಸಿಗುತ್ತಿತ್ತು, ಕೆಳಗೆ ಹಡಗು ನಿಲ್ಲುತ್ತಿತ್ತು. ಇನ್ನೇನು ಬೇಕು?

ಪ್ರಕ್ರಿಯೆ ನೋಡಿ. ಸೌದೆ ಪುಳ್ಳೆಯ ಮೇಲೆ ಶೇಲ್ ಗುಡ್ಡೆ ಹಾಕಿ ಬೆಂಕಿ ಕೊಟ್ಟರೆ ಅದು ತಿಂಗಳುಗಟ್ಟಲೆ ಒಳಗೊಳಗೇ ಉರಿಯುತ್ತಿತ್ತು. ಕಲ್ಲಿನೊಳಗಿನ ಪೈರೈಟ್ ಆಕ್ಸಿಡೈಸ್ ಆಗಿ, ಅದರ ಗಂಧಕ ಜೇಡಿಯಲ್ಲಿದ್ದ ಅಲ್ಯೂಮಿನಿಯಂ ಜೊತೆ ಸೇರಿ ಸಲ್ಫೇಟ್ ಆಗುತ್ತಿತ್ತು. ಸುಟ್ಟ ಕಲ್ಲನ್ನು ತೊಟ್ಟಿಯಲ್ಲಿ ನೆನೆಹಾಕಿ, ಬಂದ ದ್ರಾವಣವನ್ನು ಕಾಲುವೆಯಲ್ಲಿ ಹರಿಸಿ, ಕಲ್ಲಿದ್ದಲ ಒಲೆಯ ಮೇಲೆ ಕುದಿಸಿ ಗಟ್ಟಿ ಮಾಡುತ್ತಿದ್ದರು. ಇಷ್ಟಾದರೂ ಹರಳು ಕಟ್ಟುವುದಿಲ್ಲ. ಪೊಟ್ಯಾಶ್ ಇಲ್ಲವೇ ಅಮೋನಿಯಾ ಬೇಕು. ಪೊಟ್ಯಾಶ್‌ಗೆ ಕಡಲಪಾಚಿ ಸುಟ್ಟ ಬೂದಿ. ಅಮೋನಿಯಾಗೆ ಹಳಸಿದ ಮೂತ್ರ! ಲಂಡನ್‌ನಿಂದ ಅದನ್ನು ಪೀಪಾಯಿಗಳಲ್ಲಿ ಹಡಗಿಗೆ ತುಂಬಿ ಕಳಿಸುತ್ತಿದ್ದರು. ನಗಬೇಡಿ, ರಾ ಮೆಟೀರಿಯಲ್ ಅಂದ್ರೆ ರಾ ಮೆಟೀರಿಯಲ್ಲೇ.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಮೊಟ್ಟೆ. ದ್ರಾವಣದಲ್ಲಿ ಕಬ್ಬಿಣದ ಸಲ್ಫೇಟ್ ಕೂಡ ಇರುತ್ತೆ. ಸರಿಯಾದ ಹದದಲ್ಲಿ ಇಳಿಸಿ ತಣಿಸಿದರೆ ಪಟಿಕ ಮಾತ್ರ ಹರಳಾಗಿ, ಕಬ್ಬಿಣ ನೀರಲ್ಲೇ ಉಳಿಯುತ್ತದೆ. ಆ ಹದ ತಿಳಿಯಲು ಕೋಳಿಮೊಟ್ಟೆ ಬಿಡುತ್ತಿದ್ದರಂತೆ. ತೇಲಿದರೆ ಸಾಂದ್ರತೆ ಸರಿ. ನಮ್ಮ ಹೈಡ್ರೋಮೀಟರ್ ಮಾಡುವುದೂ ಇಷ್ಟೇ ತಾನೆ? 1825ರವರೆಗೆ ಅಲ್ಯೂಮಿನಿಯಂ ಅನ್ನೋ ಲೋಹವನ್ನೇ ಯಾರೂ ಬೇರ್ಪಡಿಸಿರಲಿಲ್ಲ. ಅದಕ್ಕೂ ಇನ್ನೂರು ವರ್ಷ ಮೊದಲೇ ಈ ಕೆಲಸಗಾರರು ಅದರ ಲವಣವನ್ನು ಟನ್‌ಗಟ್ಟಲೆ ಶುದ್ಧ ಮಾಡುತ್ತಿದ್ದರು.

ಒಂದು ಟನ್ ಪಟಿಕಕ್ಕೆ ಹತ್ತಾರು ಟನ್ ಕಲ್ಲು ಬೇಕು. ಹಾಗಾಗಿ ಕಡಲಂಚನ್ನೇ ಕೊರೆದು ಹಾಕಿದರು. ಕೆಟಲ್‌ನೆಸ್ ಎಂಬಲ್ಲಿ 1829ರಲ್ಲಿ ಬಂಡೆ ಕುಸಿದು ಹಳ್ಳಿಯೂ ಕಾರ್ಖಾನೆಯೂ ಸಮುದ್ರದತ್ತ ಜಾರಿದವು. ಜನ ಪಟಿಕದ ಹಡಗು ಹತ್ತಿ ಜೀವ ಉಳಿಸಿಕೊಂಡರು. ಆಮೇಲೆ ಮತ್ತೆ ಅಲ್ಲೇ ಕಟ್ಟಿದರು! 1845ರಲ್ಲಿ ಪೀಟರ್ ಸ್ಪೆನ್ಸ್ ಕಲ್ಲಿದ್ದಲು ಗಣಿಯ ಶೇಲ್‌ಗೆ ನೇರವಾಗಿ ಸಲ್ಫ್ಯೂರಿಕ್ ಆಸಿಡ್ ಹಾಕುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಕಡಲಂಚಿನ ಈ ನಿಧಾನದ ಕೆಲಸಕ್ಕೆ ಬೆಲೆ ಇಲ್ಲವಾಯ್ತು. 1871ಕ್ಕೆ ಎಲ್ಲ ಮುಗಿಯಿತು.

ರೇವನ್‌ಸ್ಕಾರ್‌ನ ಪೀಕ್ ಕಾರ್ಖಾನೆಯ ತೊಟ್ಟಿ, ಗೋಡೆಗಳ ಬುಡ ಈಗಲೂ ನೋಡಲು ಸಿಗುತ್ತವೆ. ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಕೆಟಲ್‌ನೆಸ್‌ನಲ್ಲಿ ಇವತ್ತಿಗೂ ಹುಲ್ಲು ಸರಿಯಾಗಿ ಹತ್ತದ ಬೋಳು ನೆಲವಿದೆ. ಈ ತೀರದಲ್ಲಿ ಕೆಲವೆಡೆ ಇಳಿತದ ಹೊತ್ತು ಹೋದರೆ, ಹಡಗಿನವರೆಗೆ ಗಾಡಿ ಹೋಗಲು ಬಂಡೆಯಲ್ಲಿ ಕೊರೆದ ಜಾಡುಗಳು ಕಾಣುತ್ತವೆ. ಅಲೆ ಅವನ್ನೂ ಸವೆಸುತ್ತಿದೆ. ಸರ್ವೇ ಮಾಡುವವರು ಉಬ್ಬರ ಬರುವುದರೊಳಗೆ ಅಳತೆ ಮುಗಿಸಿ ಮೇಲೆ ಹತ್ತಬೇಕು.