ಮುತ್ತಜ್ಜನ ಹುಟ್ಟಿನ ದಾಖಲೆ

ಪೌರತ್ವದ ಕಾನೂನೆಂದರೆ ಗಡಿ ದಾಟಿ ಬಂದವರಿಗೆ ಸಂಬಂಧಪಟ್ಟದ್ದು ಎಂದೇ ನಾನು ಬಹುಕಾಲ ತಿಳಿದಿದ್ದೆ. ನೆರೆಯ ದೇಶಗಳ ಕಾಯ್ದೆಗಳನ್ನು ವರ್ಷಗಟ್ಟಲೆ ಓದಿದ ಮೇಲೆ ಆ ತಿಳಿವಳಿಕೆ ಉಳಿಯಲಿಲ್ಲ. ಶ್ರೀಲಂಕಾದ ಗುಡ್ಡಗಾಡಿನ ತೋಟಗಳ ಕೂಲಿಗೆಂದು ತಮಿಳುನಾಡಿನಿಂದ ಹೋದವರ ಸಂತತಿಯಾದ ಮಲೈಯಹ ತಮಿಳರನ್ನೇ ನೋಡಿ. ಕಡಲು ದಾಟಿ ಹೋದವರು ಅಜ್ಜ, ಮುತ್ತಜ್ಜಂದಿರು. ಪರದೇಶಿಗಳೆನಿಸಿಕೊಂಡವರು ಅಲ್ಲೇ ಹುಟ್ಟಿದ ಮೊಮ್ಮಕ್ಕಳು, ಮರಿಮಕ್ಕಳು. ಒಬ್ಬರ ಹಕ್ಕು ಕಸಿಯಲು ಊರು ಬಿಡಿ ಎಂದು ಗದರಬೇಕಾಗಿಲ್ಲ, ಅವರ ಮನೆಯಲ್ಲಿ ಇರಲು ಸಾಧ್ಯವೇ ಇಲ್ಲದ ಕಾಗದವೊಂದನ್ನು ಕೇಳಿದರೆ ಸಾಕು ಎಂಬುದನ್ನು ನಾನು ಕಲಿತದ್ದು ಇವರ ಚರಿತ್ರೆಯಿಂದ.

1948ರ ಫೆಬ್ರವರಿ 4ರಂದು ಸಿಲೋನ್, ಅಂದರೆ ಇಂದಿನ ಶ್ರೀಲಂಕಾ, ಸ್ವತಂತ್ರವಾಯಿತು. ಅದೇ ವರ್ಷ ನವೆಂಬರಿನಲ್ಲಿ ಪೌರತ್ವ ಕಾಯ್ದೆ ಜಾರಿಗೆ ಬಂತು. ದ್ವೀಪದಲ್ಲಿ ಹುಟ್ಟಿದ್ದರಷ್ಟೇ ಸಾಲದು. ತಂದೆಯೂ ಅಲ್ಲೇ ಹುಟ್ಟಿರಬೇಕು, ಇಲ್ಲವೇ ತಂದೆಯ ಕಡೆಯ ಅಜ್ಜ ಮತ್ತು ಮುತ್ತಜ್ಜ ಇಬ್ಬರೂ ಅಲ್ಲಿ ಹುಟ್ಟಿರಬೇಕು. ಕಾಯ್ದೆಯಲ್ಲಿ ತಮಿಳರು ಎಂಬ ಮಾತೇ ಇರಲಿಲ್ಲ. ಆದರೆ ಮುತ್ತಜ್ಜನ ಕಾಲದಲ್ಲಿ ಜನನ ನೋಂದಣಿ ನೆಟ್ಟಗೆ ನಡೆಯುತ್ತಿರಲಿಲ್ಲ. ಇನ್ನೊಂದು ಸಂಗತಿ ನಮ್ಮ ಮನೆಗಳಲ್ಲಿ ಯಾರಿಗೂ ವಿವರಿಸಬೇಕಾದ್ದಲ್ಲ: ಎಷ್ಟೋ ಹೆಣ್ಣುಮಕ್ಕಳು ಹೆರಿಗೆಗೆ ತಿರುಚ್ಚಿಯ ಕಡೆಯ ತವರಿಗೆ ಹೋಗಿ, ಬಾಣಂತನ ಮುಗಿಸಿ ಕೂಸಿನೊಡನೆ ತೋಟಕ್ಕೆ ಮರಳುತ್ತಿದ್ದರು. ಆ ಕೂಸು ಬೆಳೆದು ತಂದೆಯಾದಾಗ, ತವರಿನ ಆ ನಾಲ್ಕಾರು ತಿಂಗಳು ಅವನ ಮಕ್ಕಳ ಪೌರತ್ವಕ್ಕೇ ಕುತ್ತಾಯಿತು. 1949ರಲ್ಲಿ ಇನ್ನೊಂದು ಕಾಯ್ದೆ ಮಾಡಿ, ಎಡೆಬಿಡದೆ ನೆಲೆಸಿದ್ದಕ್ಕೆ ಪುರಾವೆ ತಂದವರಿಗೆ ಪೌರತ್ವ ಎಂದರು. ಸುಮಾರು 8 ಲಕ್ಷ ಜನರ ಪರವಾಗಿ ಅರ್ಜಿ ಬಿತ್ತು. ಪೌರತ್ವ ದಕ್ಕಿದ್ದು ಸುಮಾರು 1,34,000 ಮಂದಿಗೆ. ಅದೇ ವರ್ಷ ಮತದಾನದ ಹಕ್ಕನ್ನೂ ಪೌರತ್ವಕ್ಕೆ ಗಂಟುಹಾಕಿದರು. 1947ರ ಚುನಾವಣೆಯಲ್ಲಿ 7 ಸ್ಥಾನ ಗೆದ್ದಿದ್ದ ಈ ತೋಟದ ಜನರ ಪಕ್ಷ ಸಿಲೋನ್ ಇಂಡಿಯನ್ ಕಾಂಗ್ರೆಸ್ಸಿಗೆ 1952ರಲ್ಲಿ ಒಂದೂ ಸಿಗಲಿಲ್ಲ.

ತೋಟಗಳಿಂದಾಗಿ ನೆಲ ಕಳೆದುಕೊಂಡವನು ಸಿಂಹಳ ರೈತ ಎಂದು ಇದಕ್ಕೆ ಎದುರಾಗಿ ಬರುವ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಬ್ರಿಟಿಷರು 1840ರ ಕಾನೂನಿನ ಬಲದಿಂದ ಕ್ಯಾಂಡಿ ಸೀಮೆಯ ಗುಡ್ಡಗಳನ್ನು ಸರ್ಕಾರದ್ದೆಂದು ಸಾರಿ ಕಾಫಿ ತೋಟದವರಿಗೆ ಮಾರಿದರು. ಸಿಂಹಳ ರೈತ ತನ್ನ ಗೋಮಾಳ, ಕುಮರಿ ಬೇಸಾಯದ ನೆಲ ಕಳೆದುಕೊಂಡ. ಅವನ ಸಂಕಟ ನಿಜ. ಆದರೆ ಆ ನೆಲ ಕೂಲಿಯವನ ಹೆಸರಿಗೆ ಬರಲಿಲ್ಲ. ಅವನಿಗೆ ಸಿಕ್ಕಿದ್ದು ನಮ್ಮ ಕೊಡಗಿನ ತೋಟಗಳಲ್ಲೂ ಕಾಣುವಂಥ ಲೈನ್ ಮನೆಯ ಒಂದು ಕೋಣೆ. ಅಡುಗೆ, ನಿದ್ದೆ, ಹೆರಿಗೆ, ಸಾವು ಎಲ್ಲ ಅದರೊಳಗೇ. ಅವನ ಮತ ಕಿತ್ತುಕೊಂಡದ್ದರಿಂದ ಕ್ಯಾಂಡಿಯ ರೈತನಿಗೆ ಒಂದು ಗುಂಟೆಯೂ ಮರಳಿ ಬರಲಿಲ್ಲ.

ಭಾರತ ಅವರನ್ನು ಕರೆಸಿಕೊಂಡಿತಲ್ಲ, ಇನ್ನೇನು ಅನ್ಯಾಯ ಎನ್ನುವವರೂ ಇದ್ದಾರೆ. ಆದರೆ ಈ ತಮಿಳರು ಸಿಲೋನಿನ ಜನವೆಂದೇ ಪ್ರಧಾನಿ ನೆಹರೂ ಕೊನೆಯವರೆಗೂ ಪಟ್ಟು ಹಿಡಿದಿದ್ದರು. ನೆಹರೂ ತೀರಿಕೊಂಡ ಐದೇ ತಿಂಗಳಿಗೆ, 1964ರ ಅಕ್ಟೋಬರ್ 30ರಂದು, ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಮತ್ತು ಭಾರತದ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ 9,75,000 ಜನರನ್ನು ಪಾಲು ಹಾಕಿದರು: 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಉಳಿದ 1,50,000 ಆಮೇಲಿನ ಮಾತು. 1974ರಲ್ಲಿ ಅದನ್ನೂ ಸರಿಪಾಲು ಮಾಡಿಕೊಂಡರು. ಆ ಜನರನ್ನು ಒಪ್ಪಂದಕ್ಕೆ ಮುಂಚೆ ಯಾರೂ ಕೇಳಲಿಲ್ಲ. ಹಾಗೆ ಬಂದವರಲ್ಲಿ ಒಂದಷ್ಟು ಮಂದಿಯನ್ನು ನಮ್ಮ ಸುಳ್ಯ, ಪುತ್ತೂರಿನ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ತಂದರು. ಚಹಾದ ಎರಡೆಲೆ, ಒಂದು ಕುಡಿ ಚಿವುಟಿ ಪಳಗಿದ ಕೈಗಳು ಬೆಳಗಿನ ಜಾವವೇ ಎದ್ದು ಮರದ ತೊಗಟೆಯನ್ನು ಓರೆಯಾಗಿ ಗೀರಿ ಹಾಲು ಇಳಿಸುವುದನ್ನು ಕಲಿತವು. ಪೌರತ್ವ ಸಿಕ್ಕಿತು. ಆದರೆ ಜಾತಿ ಪ್ರಮಾಣಪತ್ರದಂಥ ಕಾಗದಕ್ಕೆ ಇಲ್ಲೂ ಅವರು ವರ್ಷಗಟ್ಟಲೆ ಅಲೆದರು. ಕೂಲಿಯ ಬದುಕು ಮಾತ್ರ ಅಲ್ಲಿಂದ ಇಲ್ಲಿಗೆ ಹಾಗೇ ಬಂತು.

ಲಂಕೆ ತನ್ನ ತಪ್ಪನ್ನು ತಿದ್ದಿಕೊಂಡದ್ದೂ ಹೌದು, ಅದನ್ನು ಮೆಚ್ಚಿ ಹೇಳಬೇಕು. 1978ರ ಸಂವಿಧಾನದ 26ನೇ ವಿಧಿಯ ಪ್ರಕಾರ ವಂಶದಿಂದ ಬಂದ ಪೌರ, ನೋಂದಣಿಯಿಂದ ಆದ ಪೌರ ಎಂದು ಬೇರೆಬೇರೆ ಕರೆಯುವಂತಿಲ್ಲ. 2003ರ ಕಾಯ್ದೆ ಇನ್ನೂ ಮುಂದೆ ಹೋಗಿ, 1964ರ ಅಕ್ಟೋಬರ್ 30ರಿಂದ ದ್ವೀಪದಲ್ಲಿ ನೆಲೆಸಿದ ಭಾರತ ಮೂಲದವರಿಗೂ ಅವರ ಸಂತತಿಗೂ ಪೌರತ್ವ ಕೊಟ್ಟಿತು. ಪುರಾವೆಯಾಗಿ ಬೇಕಾದದ್ದು ಶಾಂತಿ ನ್ಯಾಯಾಧೀಶರ ಸಹಿ ಇರುವ ಒಂದು ಘೋಷಣೆ. ನಿಯಮ ಸಡಿಲಿಸಿದರೆ ಹೊರಗಿನವರು ನುಗ್ಗುತ್ತಾರೆಂಬ ಭಯಕ್ಕೆ ಇದೇ ಉತ್ತರ: ಕಾಯ್ದೆಯಲ್ಲಿ ಗಟ್ಟಿಯಾದ ಒಂದು ದಿನಾಂಕವಿತ್ತು, ಯಾರೂ ನುಗ್ಗಲಿಲ್ಲ. ನೇಪಾಳ ಇದಕ್ಕೆ ವಿರುದ್ಧ ದಿಕ್ಕು ಹಿಡಿಯಿತು. 2015ರ ಸಂವಿಧಾನದ 289ನೇ ವಿಧಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ, ಮುಖ್ಯಮಂತ್ರಿಯಂಥ ಹುದ್ದೆಗಳನ್ನು ವಂಶದಿಂದ ಪೌರರಾದವರಿಗಷ್ಟೇ ಮೀಸಲಿಟ್ಟಿದೆ. ಬಿಹಾರದಿಂದ ನೇಪಾಳದ ತರಾಯಿ ಬಯಲಿಗೆ ಸೊಸೆಯಾಗಿ ಹೋಗಿ ಅಲ್ಲಿನ ಪೌರಳಾದವಳು ಮತ ಹಾಕಬಹುದು, ತೆರಿಗೆ ಕಟ್ಟಬಹುದು. ಆ ಕುರ್ಚಿಗಳು ಮಾತ್ರ ಅವಳಿಗಲ್ಲ.

ನೆರೆಯವರನ್ನಷ್ಟೇ ದೂರಿ ನಿಲ್ಲಿಸಲು ನನಗೆ ಮನಸ್ಸಾಗುವುದಿಲ್ಲ. ಶ್ರೀಲಂಕಾದಲ್ಲಿ 1983ರ ತಮಿಳು ವಿರೋಧಿ ಗಲಭೆಯ ನಂತರ ತಮಿಳುನಾಡಿಗೆ ಓಡಿಬಂದ ನಿರಾಶ್ರಿತರಲ್ಲಿ ಈ ತೋಟದ ಜನರೂ ಇದ್ದರು. ಅವರಲ್ಲಿ ಹಲವರ ಕುಟುಂಬಗಳು ಇಂದಿಗೂ ಶಿಬಿರಗಳಲ್ಲಿವೆ. ನಮ್ಮ ಪೌರತ್ವ ಕಾಯ್ದೆ ಮೊದಲು ಹುಟ್ಟಿದ ನೆಲವನ್ನೇ ನೋಡುತ್ತಿತ್ತು. 1987ರ ಜುಲೈ 1ರಿಂದ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕೆಂದಿತು. 2004ರ ಡಿಸೆಂಬರಿನಿಂದ ಅದು ಇನ್ನೂ ಬಿಗಿಯಾಯಿತು. ನೆರೆಯ ಕೆಲವು ದೇಶಗಳಿಂದ ಬಂದವರಿಗೆ ಪೌರತ್ವದ ದಾರಿ ತೆರೆದ 2019ರ ತಿದ್ದುಪಡಿಯಲ್ಲಿ ಶ್ರೀಲಂಕಾದ ಹೆಸರೇ ಇಲ್ಲ. ಈ ಕುಟುಂಬಗಳಿಗೂ 2003ರಲ್ಲಿ ಲಂಕೆ ಮಾಡಿದಂತೆ ಒಂದು ದಿನಾಂಕ, ಒಂದು ಘೋಷಣೆ ಸಾಕಾಗಬೇಕು. ಶಿಬಿರದಲ್ಲಿ ಹುಟ್ಟಿದ ಮಗುವಿನ ಜನನ ಪತ್ರದಲ್ಲಿ ತಮಿಳುನಾಡಿನ ಊರಿನ ಹೆಸರಿದೆ. ಕಚೇರಿಯಲ್ಲಿ ಕೇಳುವುದು ಅಪ್ಪನ ಕಾಗದವನ್ನು.